ತೊಟ್ಟಿಕ್ಕಬೇಕಾದ ನೀರು

ದೋಣಿಯಲ್ಲಿ ಮನೆ ಮಾಡುತ್ತೇನೆ ಎಂದಾಗ ಪುಣೆಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರಿಗೆ ಅದು ಶ್ರೀಮಂತರ ಹುಚ್ಚಿನಂತೆ ಕೇಳಿಸಿತು. ಶ್ರೀಮಂತಿಕೆ ಎಲ್ಲಿಂದ ಬರಬೇಕು? ನಾನು ಹುಟ್ಟಿದ್ದೇ ತಗಡಿನ ಶೆಡ್ಡಿನಲ್ಲಿ. ಅಪ್ಪ, ಅವ್ವ ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು. ಪುಣೆಯ ಕೋಥರೂಡದಲ್ಲಿ ಒಂದು ಸೊಸೈಟಿ, ಅಂದರೆ ಫ್ಲ್ಯಾಟುಗಳ ಕಟ್ಟಡ, ಏಳುವಾಗ ಅದರ ಮಗ್ಗುಲಿಗೆ ನಮ್ಮ ಶೆಡ್ಡೂ ಏಳುತ್ತಿತ್ತು. ಸೊಸೈಟಿಗೆ ಬಣ್ಣ ಹೊಡೆದು ಮುಗಿಯುವ ಹೊತ್ತಿಗೆ ನಮ್ಮ ಶೆಡ್ಡು ಬಿಚ್ಚಿಸುತ್ತಿದ್ದರು. ತಗಡು, ಬಿದಿರು, ಟ್ರಂಕು, ರೊಟ್ಟಿ ಹಂಚು ಎಲ್ಲ ಟೆಂಪೋಗೆ ಏರಿಸಿ ಇನ್ನೊಂದು ಸೈಟಿಗೆ. ಮನೆ ಅಂದರೆ ಹೊತ್ತುಕೊಂಡು ಹೋಗುವಂಥದ್ದು ಎಂದೇ ನಾನು ಬಹಳ ವರ್ಷ ತಿಳಿದಿದ್ದೆ. ಹಾಯಿದೋಣಿ ಕೊಂಡಾಗ ನನಗೆ ಹೊಸದೆನಿಸಿದ್ದು ಒಂದೇ. ಈ ಸಲ ಬಿಚ್ಚು ಅನ್ನುವವರು ಯಾರೂ ಇರುವುದಿಲ್ಲ ಎಂದುಕೊಂಡಿದ್ದೆ. ಅದೂ ಸುಳ್ಳಾಯಿತು.

ನಮ್ಮ ವಂಶದಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆಯಿಲ್ಲ, ಯಾರೂ ಕೇಳದಿದ್ದರೂ ಹೇಳುತ್ತೇನೆ. ಮೆಕ್ಯಾನಿಕಲ್ ಇಂಜಿನಿಯರಿಂಗ್, ಮೊದಲು ಡಿಪ್ಲೊಮಾ, ಆಮೇಲೆ ಡಿಗ್ರಿ. ಕಾಲೇಜಿನಲ್ಲಿ ಎನ್‌ಸಿಸಿಯ ನೌಕಾ ವಿಭಾಗ ಸೇರಿದ್ದು ದೇಶಸೇವೆಗೆಂದೇನಲ್ಲ, ಬೂಟು ಪುಕ್ಕಟೆ ಸಿಗುತ್ತಿದ್ದವು, ಪರೇಡು ಮುಗಿದ ಮೇಲೆ ತಿನ್ನಲು ಕೊಡುತ್ತಿದ್ದರು ಎಂದು. ಆ ಬೂಟುಗಳು ನನ್ನನ್ನು ಖಡಕವಾಸ್ಲಾ ಅಣೆಕಟ್ಟಿನ ನೀರಿಗೆ ಒಯ್ದವು. ಅಲ್ಲಿ ಒಂದು ಸಣ್ಣ ಹಾಯಿದೋಣಿಯ ಹಗ್ಗ ಕೈಗೆ ಬಂತು. ಗಾಳಿ ಹಾಯಿ ತುಂಬಿದಾಗ ಯಾರೂ ದೂಡದೆ, ಯಾರ ಅಪ್ಪಣೆಯೂ ಇಲ್ಲದೆ ಮುಂದಕ್ಕೆ ಹೋಗುವುದು ಎಂದರೇನು ಎಂದು ಮೊದಲ ಸಲ ತಿಳಿಯಿತು. ಆ ರುಚಿ ಬಿಡಲಿಲ್ಲ. ಪಂಪು ತಯಾರಿಸುವ ಕಂಪನಿಯಲ್ಲಿ ಕೆಲಸ ಹಿಡಿದೆ. ಡ್ರಾಯಿಂಗಿನ ಕೆಲಸ ಕಂಪ್ಯೂಟರಿನಲ್ಲಿ ಎಲ್ಲಿ ಕೂತೂ ಮಾಡಬಹುದು ಎಂದು ಕಂಪನಿ ಒಪ್ಪಿದ ಮೇಲೆ, ಕೊಂಕಣದ ಒಂದು ಖಾರಿಯ ಹಿನ್ನೀರಿನಲ್ಲಿ ಬಿಸಿಲಿಗೆ ಬಣ್ಣಗೆಟ್ಟು ನಿಂತಿದ್ದ ಹಳೆಯ ಹಾಯಿದೋಣಿಯೊಂದನ್ನು ಕೊಂಡೆ. ರಜೆ ರಜೆಯಲ್ಲಿ ಹೋಗಿ ನಾನೇ ಉಜ್ಜಿದೆ, ನಾನೇ ಬಣ್ಣ ಹೊಡೆದೆ, ಇಂಜಿನ್ನು ನಾನೇ ಬಿಚ್ಚಿ ಜೋಡಿಸಿದೆ. ಪುಣೆಯ ಧನಕವಡಿಯ ಬಾಡಿಗೆ ಕೋಣೆ ಬಿಟ್ಟುಕೊಟ್ಟು, ಸಾಮಾನೆಲ್ಲ ದೋಣಿಗೆ ತುಂಬಿ, ಚಳಿಗಾಲ ಮುಗಿಯುವಾಗ ಅದೇ ಕರಾವಳಿಯ ಒಂದು ಖಾಸಗಿ ಮರೀನಾಕ್ಕೆ ಬಂದೆ.

ಮರೀನಾ ಅಂದರೆ ದೋಣಿಗಳ ಪಾರ್ಕಿಂಗು ಎಂದು ಅಪ್ಪನಿಗೆ ಫೋನಿನಲ್ಲಿ ಹೇಳಿದ್ದೆ. ತೇಲುವ ಕಟ್ಟೆಗಳು, ಅವುಗಳ ಎರಡೂ ಬದಿಗೆ ಕಟ್ಟಿದ ದೋಣಿಗಳು, ಪ್ರತಿಯೊಂದಕ್ಕೂ ಒಂದು ಕರೆಂಟಿನ ಡಬ್ಬಿ, ಒಂದು ನಲ್ಲಿ. ಮೊದಲ ವಾರ ಕಂಡವರೆಲ್ಲ ನಾನು ಯಾವ ದೋಣಿಯಲ್ಲಿ ಕೆಲಸಕ್ಕಿದ್ದೇನೆ ಎಂದು ಕೇಳಿದರು. ನನ್ನದೇ ದೋಣಿ ಅಂದರೆ, ಓನರ್ ಯಾವಾಗ ಬರುತ್ತಾರೆ ಎಂದು ಕೇಳಿದರು. ಒಬ್ಬ ಹೆಂಗಸು ತನ್ನ ಡೆಕ್ಕು ತೊಳೆಯಲು ವಾರಕ್ಕೆ ಎರಡು ಸಲ ಬರುತ್ತೀಯಾ ಎಂದಳು. ನಾನು ಇಂಜಿನಿಯರ್ ಎಂದೆ. ಓ, ಹಾಗಿದ್ದರೆ ಏಸಿ ರಿಪೇರಿ ಗೊತ್ತಿರಬೇಕಲ್ಲ ಎಂದಳು.

ಬಿಸಿಲು ಏರಿದ ಮೇಲೆ ದೋಣಿಯ ಹೊಟ್ಟೆಯಲ್ಲಿ ಕೂಡುವುದು ತಗಡಿನ ಶೆಡ್ಡಿನಲ್ಲಿ ಕೂತಂತೆಯೇ. ಆ ಸೆಕೆ ನನಗೆ ಹೊಸದಲ್ಲ. ಹೊಸದೆಂದರೆ ಬೂಷ್ಟು. ಬೆಲ್ಟಿಗೆ, ಚಪ್ಪಲಿಗೆ, ದಿಂಬಿಗೆ, ಎರಡು ದಿನ ಮುಟ್ಟದ ಎಲ್ಲದಕ್ಕೂ ಹಸಿರು ಬೂಷ್ಟು. ಗಾಳಿ ಬೀಸಿದರೆ ಸಾಲಿನಲ್ಲಿದ್ದ ದೋಣಿಗಳ ಹಗ್ಗಗಳೆಲ್ಲ ಕಂಬಕ್ಕೆ ಬಡಿದು ಟಣಟಣ ಅನ್ನುತ್ತಿದ್ದವು. ಆ ಸದ್ದಿಗೆ ಯಾರೂ ತಕರಾರು ಮಾಡುತ್ತಿರಲಿಲ್ಲ. ನಾನು ರೊಟ್ಟಿ ಬಡಿದರೆ ಮಾತ್ರ ಪಕ್ಕದ ದೋಣಿಯವರು ತಲೆ ಹೊರಗೆ ಹಾಕಿ, ಇಷ್ಟು ಹೊತ್ತಿಗೆ ಏನು ರಿಪೇರಿ ನಡೆಸಿದ್ದೀರಿ ಎಂದು ಕೇಳುತ್ತಿದ್ದರು. ಜೋಳದ ರೊಟ್ಟಿಯ ಬಡಿತ ದೋಣಿಯ ಮೈಯಿಂದ ನೀರಿಗಿಳಿದು ಅವರ ಹಾಸಿಗೆಯವರೆಗೂ ಹೋಗುತ್ತಿತ್ತಂತೆ. ನಾನು ಬಿಡಲಿಲ್ಲ. ರೊಟ್ಟಿ ಬಡಿಯುವುದನ್ನು ಬಿಟ್ಟು ಬ್ರೆಡ್ಡು ತಿನ್ನಲು ನಾನು ಡಿಗ್ರಿ ಮಾಡಿರಲಿಲ್ಲ.

ನಾನಿದ್ದದ್ದು ಹೊರಗಿನ ಕಟ್ಟೆಯಲ್ಲಿ. ಬಂದುಹೋಗುವ ದೋಣಿಗಳ ಜಾಗ ಅದು. ಮಳೆಗಾಲದಲ್ಲಿ ಅಲೆ ನೇರವಾಗಿ ಅದಕ್ಕೇ ಬಡಿಯುತ್ತದೆ, ಯಾರೂ ಇರುವ ಹಾಗಿಲ್ಲ. ಮಳೆಗಾಲ ಕಳೆಯಬೇಕೆಂದರೆ ಕಲ್ಲಿನ ಗೋಡೆಯ ಮರೆಯಲ್ಲಿದ್ದ ಒಳಗಿನ ಸಾಲಿನಲ್ಲಿ ಜಾಗ ಸಿಗಬೇಕು. ಮರೀನಾದ ಮ್ಯಾನೇಜರ್ ಮರಾಠಿಯವರು, ಇಸ್ತ್ರಿಯ ಬಿಳಿ ಅಂಗಿ, ಮೆತ್ತಗಿನ ಮಾತು. ಒಳಗೆ ಒಂದು ಜಾಗ ಇದೆ, ಆದರೆ ವಾಸ ಮಾಡುವವರ ದೋಣಿ ಸುಸ್ಥಿತಿಯಲ್ಲಿರಬೇಕು, ತನ್ನ ಇಂಜಿನ್ನಿನ ಮೇಲೆ ತಾನೇ ಹೊರಗಿನಿಂದ ಒಳಗೆ ಬರಬೇಕು, ನಾನು ನಿಂತು ನೋಡುತ್ತೇನೆ ಎಂದರು. ಬರದಿದ್ದರೆ ಕ್ರೇನಿನಿಂದ ದೋಣಿಯನ್ನು ಎತ್ತಿ ನೆಲದ ಮೇಲೆ ಇಡುವುದು. ನೆಲದ ಮೇಲಿಟ್ಟ ದೋಣಿಯಲ್ಲಿ ವಾಸ ಮಾಡಲು ಯಾರಿಗೂ ಪರವಾನಗಿ ಇಲ್ಲ. ಅಂದರೆ ನನಗೆ ಮನೆ ಇಲ್ಲ.

ಇಂಜಿನ್ನಿನ ಬಗ್ಗೆ ನನಗೆ ಅಳುಕಿರಲಿಲ್ಲ. ಮುಹೂರ್ತಕ್ಕೆ ಕರೆದ ಹಾಗೆ ಅಪ್ಪನಿಗೂ ಬಾ ಎಂದೆ. ಅವ್ವ ತೀರಿಕೊಂಡ ಮೇಲೆ ಪುಣೆಯ ಯೆರವಡಾದ ಒಂದು ಕೋಣೆಯಲ್ಲಿ ಅವನೊಬ್ಬನೇ ಇದ್ದ. ಮಳೆಗಾಲವಿಡೀ ನನ್ನ ಹತ್ತಿರ ಇಟ್ಟುಕೊಳ್ಳಬೇಕು, ಈ ವಯಸ್ಸಿನಲ್ಲಿ ಟೆರೇಸು ಹತ್ತಿಸಬಾರದು ಎಂಬುದು ನನ್ನ ಮನಸ್ಸಿನಲ್ಲಿತ್ತು. ಮಂಡಿ ನೋವು ಶುರುವಾದ ಮೇಲೆ ಅಪ್ಪ ಗೋಡೆ ಕಟ್ಟುವ ಗೌಂಡಿ ಕೆಲಸ ಬಿಟ್ಟು ಲೀಕೇಜಿನ ಕೆಲಸ ಹಿಡಿದಿದ್ದ. ಟೆರೇಸು, ಬಾತ್‌ರೂಮು, ನೀರಿನ ಟಾಕಿ, ಎಲ್ಲಿ ಸೋರಿದರೂ ಅಪ್ಪನನ್ನು ಕರೆಯುತ್ತಿದ್ದರು. ಮೇ ತಿಂಗಳು ಬಂತೆಂದರೆ ಕೋಥರೂಡದ ಸೊಸೈಟಿಗಳಿಂದ ಅವನ ಫೋನು ಸುಮ್ಮನಿರುತ್ತಿರಲಿಲ್ಲ. ಅವನು ಮುಟ್ಟಿದ ಗೋಡೆ ಮತ್ತೆ ಸೋರುವುದಿಲ್ಲ ಎಂಬ ಹೆಸರು ಗಳಿಸಿದ್ದ.

ಅವನು ಬರುವ ದಿನ ನಾನು ದೊಡ್ಡ ಗೇಟಿನ ಹತ್ತಿರ ಕಾದು ನಿಂತೆ. ಬಸ್ಸು ಬಂದು ಹೋಯಿತು, ಅಪ್ಪ ಬರಲಿಲ್ಲ. ಫೋನು ಎತ್ತಲಿಲ್ಲ. ಹುಡುಕಿಕೊಂಡು ಒಳಗೆ ಬಂದರೆ, ಹಿಂದುಗಡೆ ಹೊಸ ಸ್ನಾನಗೃಹ ಕಟ್ಟುತ್ತಿದ್ದ ಕಡೆ, ನೆಲಕ್ಕೆ ಫರ್ಶಿ ಕೂರಿಸುವವರ ನಡುವೆ ಕೂತು ಅಪ್ಪ ಚಹಾ ಕುಡಿಯುತ್ತಿದ್ದ. ಹಿಂದಿನ ಗೇಟಿನಿಂದ ಬಂದಿದ್ದನಂತೆ. ಅವನಿಗೆ ಎಲ್ಲಿ ಹೋದರೂ ಹಿಂದಿನ ಗೇಟೇ ಮೊದಲು ಕಾಣುತ್ತದೆ. ಅಲ್ಲಿನ ವಾಚ್‌ಮನ್ "ಕೋಣಾಚಾ ಮಾಣೂಸ?" ಎಂದು ಕೇಳಿದ್ದಾನೆ. ಯಾರ ಕಡೆಯವನು ನೀನು ಎಂದು. ಮಗಳ ಮನೆಗೆ ಬಂದಿದ್ದೇನೆ ಅನ್ನಬೇಕಾದವನು, ತಾನು ಎಷ್ಟೋ ವರ್ಷದ ಹಿಂದೆ ದುಡಿದ ಠೇಕೇದಾರನ, ಅಂದರೆ ಗುತ್ತಿಗೆದಾರನ, ಹೆಸರು ಹೇಳಿದ್ದಾನೆ. ಆ ಪ್ರಶ್ನೆಗೆ ಅವನ ಬಾಯಲ್ಲಿ ಇದ್ದದ್ದು ಅದೊಂದೇ ಉತ್ತರ. ವಾಚ್‌ಮನ್ ಕೂಲಿ ಎಂದು ಬರೆದುಕೊಂಡು ಒಳಗೆ ಬಿಟ್ಟಿದ್ದಾನೆ.

ಹಂಗ್ಯಾಕೆ ಹೇಳಿದೆ ಎಂದು ಕೇಳಿದೆ.

"ಮತ್ತೇನಂತ ಹೇಳ್ಲಿ? ಮಗಳ ದೋಣಿ ಅದ ಅಂದ್ರ ಅಂವಾ ನಗ್ತಿದ್ದ," ಎಂದ ಅಪ್ಪ. ಅವನ ಮಾತಿನಲ್ಲಿ ಸಿಟ್ಟಿರಲಿಲ್ಲ.

ದೋಣಿ ಹತ್ತುವಾಗ ಚಪ್ಪಲಿಯನ್ನು ಕಟ್ಟೆಯ ಮೇಲೆ ಬಿಟ್ಟ. ಒಳಗಿಳಿದು, ಇಷ್ಟಗಲದ ಅಡುಗೆ ಜಾಗ, ಮಡಚುವ ಮೇಜು, ಮಲಗುವ ಹಲಗೆ ಎಲ್ಲವನ್ನೂ ನೋಡಿದ. ಗೋಡೆಗೆ ಬೆರಳಿನ ಗೆಣ್ಣಿನಿಂದ ಬಡಿದು ಸದ್ದು ಕೇಳಿದ. ಯಾವ ಮನೆಗೆ ಹೋದರೂ ಹಾಗೆ ಬಡಿದು ನೋಡುವುದು ಅವನ ಚಾಳಿ. ಆಮೇಲೆ ಕೂತು, "ಮತ್ತ ಶೆಡ್ಡಿಗೇ ಬಂದಿ ಅಲ್ಲವ್ವ. ಇದಕ್ಕ ಬುನಾದಿ ಬ್ಯಾರೆ ಇಲ್ಲ," ಎಂದ. ನಾನು ನಕ್ಕೆ. ಆಗ ನಗುವುದು ಸುಲಭವಿತ್ತು.

ಮರುದಿನ ಅವನ ಕಣ್ಣು ದೋಣಿಯ ಹಿಂಭಾಗದ ತಳಕ್ಕೆ ಹೋಯಿತು. ಅಲ್ಲಿ ಇಂಜಿನ್ನಿನಿಂದ ಒಂದು ಉಕ್ಕಿನ ದಂಡ ದೋಣಿಯ ಮೈ ತೂರಿ ನೀರಿಗೆ ಹೋಗುತ್ತದೆ, ಅದರ ತುದಿಗೆ ದೋಣಿಯನ್ನು ದೂಡುವ ಪಂಖ. ದಂಡ ಹೊರಗೆ ಹೋಗುವ ಸಂದಿಗೆ ಎಣ್ಣೆ ಕುಡಿಸಿದ ದಾರ ಸುತ್ತಿ ಮೇಲೊಂದು ನಟ್ಟು ಬಿಗಿದಿರುತ್ತಾರೆ. ಅದಕ್ಕೆ ಗ್ಲ್ಯಾಂಡು ಅನ್ನುತ್ತಾರೆ. ಅಲ್ಲಿಂದ ನೀರು ತೊಟ್ಟು ತೊಟ್ಟಾಗಿ ಒಳಗೆ ಬೀಳುತ್ತಿರಬೇಕು. ಬೀಳದಿದ್ದರೆ ದಂಡ ತಿರುಗುವಾಗ ಬಿಸಿಯಾಗಿ ದಾರ ಸುಟ್ಟುಹೋಗುತ್ತದೆ. ಪಂಪಿನಲ್ಲೂ ಹಾಗೇ. ಕಂಪನಿಯಲ್ಲಿ ನಾನು ಹಗಲೆಲ್ಲ ಬಿಡಿಸುತ್ತಿದ್ದದ್ದೇ ಇಂಥ ಗ್ಲ್ಯಾಂಡುಗಳ ಚಿತ್ರ.

"ಇಲ್ಲಿ ಸೋರ್ಲಾಕತ್ತದ," ಎಂದ ಅಪ್ಪ.

"ಅದು ಸೋರಬೇಕಪ್ಪ. ಆ ನೀರಿನ ಮ್ಯಾಲೇ ಅದು ತಣ್ಣಗಿರ್ತದ. ಕೆಳಗ ಪಂಪ್ ಅದ, ಬಿದ್ದ ನೀರು ಹೊರಗ ಹಾಕ್ತದ."

ಅಪ್ಪ ನನ್ನ ಮುಖ ನೋಡಿದ. ಆಮೇಲೆ ಆ ತೊಟ್ಟನ್ನು ನೋಡಿದ.

"ಎಲ್ಲಾ ಬಿಲ್ಡರೂ ಹಿಂಗೇ ಅಂತಾರವ್ವ. ಅಷ್ಟು ಸೋರ್ತದ ಅಂತಾರ."

ನಾನು ದಾರದ ತುಂಡು ತೋರಿಸಿದೆ, ಹಾಳೆಯ ಮೇಲೆ ಬರೆದು ತೋರಿಸಿದೆ. ಹೂಂ ಎಂದ. ಅಪ್ಪ ಹೂಂ ಅಂದದ್ದು ನನ್ನ ಓದಿಗೆ, ಮಾತಿಗಲ್ಲ. ನನ್ನ ಡಿಗ್ರಿಯ ಫೋಟೋಕ್ಕೆ ಕಟ್ಟು ಹಾಕಿಸಿ ಯೆರವಡಾದ ಕೋಣೆಯಲ್ಲಿ ಅವ್ವನ ಫೋಟೋದ ಪಕ್ಕದಲ್ಲೇ ತೂಗುಹಾಕಿದ್ದಾನೆ. ಹಾಲಿನವನಿಗೂ ತೋರಿಸುತ್ತಾನೆ. ಅದಕ್ಕಾಗಿ ಅವ್ವ, ಅಪ್ಪ ಇಬ್ಬರೂ ಮೈ ಮುರಿದು ದುಡಿದರು. ಆದರೆ ಆ ಡಿಗ್ರಿ ಇಷ್ಟು ವರ್ಷದ ಮೇಲೆ ಅವನಿಗೆ ಹೇಳಿದ್ದು ಒಂದೇ ಮಾತು, ಇದು ಸೋರಬೇಕು ಎಂದು. ಅದನ್ನು ಅವನು ನಂಬಲಿಲ್ಲ.

ಮ್ಯಾನೇಜರ್ ಹೇಳಿದ ದಿನ ಬಂತು. ಹಿಂದಿನ ಸಂಜೆ ನಾನು ಎಲ್ಲವನ್ನೂ ನೋಡಿಟ್ಟಿದ್ದೆ, ಬೆಲ್ಟು, ಎಣ್ಣೆ, ಇಂಜಿನ್ನು ತಣಿಸುವ ನೀರು, ಗ್ಲ್ಯಾಂಡು. ಬೆಳಿಗ್ಗೆ ಕ್ಯಾನು ಹಿಡಿದು ಡೀಸೆಲ್ ತರಲು ಊರೊಳಗೆ ಹೋದೆ. ಸಾಹೇಬರು ಬರುತ್ತಾರೆ, ಒಳಗೆಲ್ಲ ಸ್ವಚ್ಛ ಮಾಡಿಟ್ಟಿರು ಎಂದು ಅಪ್ಪನಿಗೆ ಹೇಳಿದೆ.

ಪುಣೆಯಲ್ಲಿ ಫ್ಲ್ಯಾಟಿನ ಚಾವಿ ಕೊಡುವ ಮುಂಚೆ ಸಾಹೇಬ ನೋಡಲು ಬರುತ್ತಾನೆ. ಅವನು ಬರುವ ಮೊದಲು ನೆಲ ಒರೆಸಬೇಕು, ಸಿಮೆಂಟಿನ ಕಲೆ ತೆಗೆಯಬೇಕು, ಎಲ್ಲಿಯೂ ಒಂದು ತೊಟ್ಟು ಸೋರುವುದು ಕಾಣಬಾರದು. ಕಂಡರೆ ಗೌಂಡಿಯ ಕೂಲಿ ತಡೆಯುತ್ತಾರೆ. ಅಪ್ಪ ಜೀವಮಾನವಿಡೀ ಹಾಗೇ ಕೆಲಸ ಒಪ್ಪಿಸಿದವನು. ಆ ಬೆಳಿಗ್ಗೆಯೂ ಅದನ್ನೇ ಮಾಡಿದ. ಫರ್ಶಿಯವರ ಹತ್ತಿರ ಹೋಗಿ ನಟ್ಟು ತಿರುಗಿಸುವ ದೊಡ್ಡ ಪಾನಾ ತಂದ, ಪೈಪಿನ ಸಂದಿಗೆ ಹಚ್ಚುವ, ಕಲಸಿದರೆ ಕಲ್ಲಿನಂತಾಗುವ ಕಪ್ಪು ಬಿಳಿ ಎರಡು ಮೇಣ ತಂದ. ನಟ್ಟನ್ನು ತನ್ನ ಬಲವೆಲ್ಲ ಹಾಕಿ ಬಿಗಿದ. ಮೇಣ ಕಲಸಿ ಸಂದಿಯ ಸುತ್ತ ಬೆರಳಿನಿಂದ ಒತ್ತಿ, ನೀರು ಹಚ್ಚಿ ನುಣ್ಣಗೆ ಮಾಡಿದ. ಆಮೇಲೆ ನಾನೇ ನೋಡಿದೆನಲ್ಲ, ಕೆಲಸ ಬಹಳ ಚೆನ್ನಾಗಿತ್ತು. ತಳ ಒಣಗಿ ಬೆಳ್ಳಗಿತ್ತು.

ಡೀಸೆಲ್ ತರುವಷ್ಟರಲ್ಲಿ ಮ್ಯಾನೇಜರ್ ಕಟ್ಟೆಯ ಮೇಲೆ ನಿಂತಿದ್ದರು. ಡೀಸೆಲ್ ಸುರಿದೆ, ನಿನ್ನೆಯೇ ನೋಡಿದ್ದೇನಲ್ಲ ಎಂದು ತಳಕ್ಕೆ ಇಳಿಯಲಿಲ್ಲ, ಇಂಜಿನ್ನು ಒಂದೇ ಸಲಕ್ಕೆ ಹತ್ತಿಕೊಂಡಿತು. ಹಗ್ಗ ಬಿಚ್ಚಿದೆ. ಅಪ್ಪ ಮುಂದುಗಡೆ ಕಂಬ ಹಿಡಿದು ಕೂತಿದ್ದ, ಹೊಸ ಅಂಗಿ ಹಾಕಿಕೊಂಡಿದ್ದ. ಕಲ್ಲಿನ ಗೋಡೆಯ ತಿರುವು ಮುಟ್ಟುವ ಮೊದಲೇ ಕೆಳಗಿನಿಂದ ಸುಟ್ಟ ವಾಸನೆ ಬಂತು. ಇಂಜಿನ್ನಿನ ಸದ್ದು ದಪ್ಪವಾಯಿತು, ಏದುಸಿರು ಬಿಟ್ಟ ಹಾಗೆ, ಆಮೇಲೆ ನಿಂತೇಹೋಯಿತು. ಇಳಿದು ನೋಡಿದರೆ ಗ್ಲ್ಯಾಂಡು ಹೊಗೆಯಾಡುತ್ತಿತ್ತು, ಒಡೆದ ಮೇಣದ ಚೂರುಗಳು ಸುತ್ತ ಬಿದ್ದಿದ್ದವು. ಯಾರು, ಏನು, ಯಾಕೆ ಎಂದು ಕೇಳಬೇಕಾಗಲಿಲ್ಲ. ಆ ಬೆರಳಿನ ಒತ್ತು ನನಗೆ ಚಿಕ್ಕಂದಿನಿಂದ ಗೊತ್ತು. ಮರೀನಾದ ಸಣ್ಣ ದೋಣಿಯೊಂದು ಬಂದು ನಮ್ಮನ್ನು ಎಳೆದುಕೊಂಡು ಹೊರಗಿನ ಕಟ್ಟೆಗೇ ಮರಳಿ ತಂದಿತು. ಡೆಕ್ಕು ತೊಳೆಯಲು ಕರೆದಿದ್ದ ಹೆಂಗಸು ಕುರ್ಚಿ ಹಾಕಿಕೊಂಡು ನೋಡಿದಳು.

ನಾನು ಮ್ಯಾನೇಜರಿಗೆ ಇಂಗ್ಲಿಷಿನಲ್ಲಿ ಹೇಳಿದೆ, ಗ್ಲ್ಯಾಂಡು ಬಿಗಿಯಾಗಿ ಬಿಸಿಯಾಗಿದೆ, ಸಣ್ಣ ಕೆಲಸ, ದಾರ ಬದಲಿಸಿದರೆ ನಾಳೆ ನಾಡಿದ್ದರಲ್ಲಿ ಸರಿಯಾಗುತ್ತದೆ, ಇನ್ನೊಂದು ಸಲ ನೋಡಿ ಎಂದು. ಅವರು ಯೋಚಿಸುವವರಂತೆ ತಲೆಯಾಡಿಸಿದರು. ನನಗನಿಸುತ್ತದೆ, ಅಷ್ಟಕ್ಕೇ ನಿಂತಿದ್ದರೆ ಅವರು ಒಪ್ಪುತ್ತಿದ್ದರೇನೋ. ಆದರೆ ಅಪ್ಪ ಮುಂದೆ ಬಂದ. ಇಂಗ್ಲಿಷು ಅರ್ಥವಾಗದಿದ್ದರೂ ನಾನು ಬೈಸಿಕೊಳ್ಳುತ್ತಿದ್ದೇನೆ ಎಂದು ಅವನಿಗೆ ಅರ್ಥವಾಗಿತ್ತು. ಕೈ ಮುಗಿದು ಮರಾಠಿಯಲ್ಲಿ, "ಮೀ ಕೇಲಂ ಸಾಹೇಬ. ಪೋರೀಲಾ ಮಾಹೀತ ನಾಹೀ," ಎಂದ. ನಾನು ಮಾಡಿದ್ದು, ಹುಡುಗಿಗೆ ಗೊತ್ತಿಲ್ಲ ಎಂದು.

ಮ್ಯಾನೇಜರ್ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಇವನು ಯಾರು ಎಂದು ನನ್ನನ್ನು ಕೇಳಿದರು. ನನ್ನ ಅಪ್ಪ ಎಂದೆ. ಅವರು ಫೋನು ತೆಗೆದು ಕೂಲಿಗಳು ಬರುವ ಹಿಂದಿನ ಗೇಟಿಗೆ ಮಾತಾಡಿದರು. ಆಮೇಲೆ ಅದೇ ಮೆತ್ತಗಿನ ದನಿಯಲ್ಲಿ, ಗೇಟಿನಲ್ಲಿ ಇವನು ಠೇಕೇದಾರನ ಕೂಲಿ ಎಂದು ಬಂದಿದ್ದಾನೆ, ಕೇಳದೆ ಹೊರಗಿನ ಕೂಲಿಯನ್ನು ತಂದು ದೋಣಿಯಲ್ಲಿ ಕೆಲಸ ಮಾಡಿಸುವುದು ಇಲ್ಲಿ ನಡೆಯುವುದಿಲ್ಲ, ಮೇಲೆ ಅಪ್ಪ ಎಂದು ಬೇರೆ ಹೇಳುತ್ತೀರಿ ಎಂದರು. ನಾನು ನನ್ನ ಆಧಾರ್ ತೆಗೆದು ಅಪ್ಪನ ಹೆಸರು ತೋರಿಸಿದೆ, ಅವನದೂ ತೋರಿಸಿದೆ. ನನ್ನ ಅಪ್ಪ ನನ್ನ ಅಪ್ಪನೇ ಎಂದು ಕಾಗದ ತೆಗೆದು ತೋರಿಸಬೇಕಾಯಿತು. ಅವರು ಓದಿದರು. ಸಾರಿ ಎಂದರು. ಆದರೂ ನಿಯಮ ಎಂದರು. ದೋಣಿ ತನ್ನ ಇಂಜಿನ್ನಿನ ಮೇಲೆ ಬರಲಿಲ್ಲವಲ್ಲ.

ಎರಡು ದಿನದಲ್ಲಿ ನಾನು ಗ್ಲ್ಯಾಂಡು ಸರಿ ಮಾಡಿದೆ. ಆಫೀಸಿಗೆ ಹೋಗಿ ಹೇಳಿದೆ, ಒಳಗಿನ ಜಾಗ ಕೊಟ್ಟಾಗಿದೆ ಎಂದರು. ಯಾರಿಗೆ ಎಂದು ಅದೇ ಮಧ್ಯಾಹ್ನ ನೋಡಿದೆ. ಮುಂಬಯಿಯ ಯಾರದೋ ದೊಡ್ಡ ಬಿಳಿ ದೋಣಿ. ಅದರ ಇಂಜಿನ್ನು ತಿರುಗಿ ಎಷ್ಟು ವರ್ಷವಾಯಿತೋ, ಹೊಟ್ಟೆಗೆ ಚಿಪ್ಪು ಗಡ್ಡದ ಹಾಗೆ ಬೆಳೆದಿತ್ತು. ಮರೀನಾದ ಆಳುಗಳು ಹಗ್ಗ ಹಾಕಿ ಅದನ್ನು ಎಳೆದು ತಂದು ಒಳಗೆ ಕಟ್ಟಿದರು. ಮ್ಯಾನೇಜರ್ ನಿಂತು ಕಟ್ಟಿಸಿದರು. ಇದು ತನ್ನ ಇಂಜಿನ್ನಿನ ಮೇಲೆ ಬಂತೇನು ಎಂದು ಕೇಳಿದೆ.

"ಅವರು ಅದರಲ್ಲಿ ವಾಸ ಮಾಡುವುದಿಲ್ಲವಲ್ಲ, ಮ್ಯಾಡಮ್," ಎಂದರು.

ಅದು ನಿಜ. ಕೋಥರೂಡದಲ್ಲಿ ಅಪ್ಪ ಕಟ್ಟಿದ ಫ್ಲ್ಯಾಟುಗಳಲ್ಲಿ ಬೀಗ ಹಾಕಿದವು ಎಷ್ಟೋ ಇವೆ. ಅವುಗಳನ್ನು ಬಿಚ್ಚು ಎಂದು ಯಾರೂ ಹೇಳುವುದಿಲ್ಲ. ಬಿಚ್ಚು ಅನ್ನುವುದು ವಾಸ ಮಾಡುವವರಿಗೆ ಮಾತ್ರ.

ಕ್ರೇನು ದೋಣಿಯನ್ನು ಎತ್ತಿ ಬೇಲಿಯ ಪಕ್ಕದಲ್ಲಿಟ್ಟಿತು. ನಾನು ಹಂಚು, ಹಾಸಿಗೆ, ಕಂಪ್ಯೂಟರು ಕಟ್ಟಿಕೊಂಡೆ. ಟೆಂಪೋ ಬೇಕಾಗಲಿಲ್ಲ, ಬಸ್ಸಿನ ಟಾಪಿನ ಮೇಲೆ ಹಿಡಿಸಿತು. ಬಸ್ಸು ಘಾಟು ಹತ್ತತೊಡಗಿತು. ಆಮೇಲೆ ಅಪ್ಪ ಕಿಟಕಿಯ ಕಡೆ ನೋಡುತ್ತಲೇ ಹೇಳಿದ.

"ನೀ ಹೇಳಿದ್ದು ಖರೆ ಅದವ್ವ, ನಾ ಕೇಳಿದ್ದೂ ಖರೆ. ಆದ್ರ ಕಣ್ಣೆದುರಿಗೆ ಸೋರ್ಲಾಕತ್ತದ, ಸಾಹೇಬ ಬೇರೆ ಬರಾಂವ. ಸುಮ್ನ ಹ್ಯಾಂಗ ಕುಂದರ್ಲಿ?"

ನನಗೆ ಸಿಟ್ಟಿತ್ತು. ಸಿಟ್ಟು ಅವನ ಮೇಲೋ, ಗೇಟಿನವನ ಮೇಲೋ, ಇಸ್ತ್ರಿಯ ಅಂಗಿಯ ಮೇಲೋ ಎಂದು ಬಿಡಿಸಿ ನೋಡುವ ತಾಳ್ಮೆ ಇರಲಿಲ್ಲ. ಇವತ್ತಿಗೂ ಇಲ್ಲ.

ಈಗ ಧನಕವಡಿಯಲ್ಲಿ ಬೇರೊಂದು ಕೋಣೆ ಹಿಡಿದಿದ್ದೇನೆ, ಮೇಲಿನ ಮಹಡಿ. ಅಪ್ಪ ನನ್ನ ಜೊತೆ ಇರಲು ಒಪ್ಪಲಿಲ್ಲ, ಯೆರವಡಾಕ್ಕೇ ಹೋದ. ಆ ವರ್ಷ ಸೊಸೈಟಿಯವರ ಫೋನು ಬಂದರೆ ಮಂಡಿ ನೋವು ಎಂದು ಹೇಳಿ ಇಟ್ಟುಬಿಡುತ್ತಿದ್ದನಂತೆ. ಮಂಡಿ ನೋವು ಮೊದಲಿನಿಂದಲೂ ಇತ್ತು. ಮೊದಲು ಅದು ಅವನನ್ನು ತಡೆದಿರಲಿಲ್ಲ.

ಮಳೆ ಹಿಡಿದ ಮೇಲೆ ನನ್ನ ಕೋಣೆಯ ಛತ್ತು ಒಲೆಯ ಮೇಲ್ಗಡೆ ಸೋರತೊಡಗಿತು. ಮನೆ ಮಾಲಕರಿಗೆ ಹೇಳಿದೆ, ಮಳೆಗಾಲದಲ್ಲಿ ಅಷ್ಟು ಸೋರುತ್ತದೆ ಎಂದರು. ಅಪ್ಪನನ್ನು ಕರೆದೆ. ಒಂದು ಭಾನುವಾರ ಬಂದ, ಕೈಯಲ್ಲಿ ಸಾಮಾನಿನ ಚೀಲ ಇತ್ತು. ಸೋರುವ ನೀರಿಗೆಂದು ಇಟ್ಟ ಪಾತೇಲಿಯಲ್ಲಿ ಬೀಳುತ್ತಿದ್ದ ತೊಟ್ಟನ್ನು ಕತ್ತೆತ್ತಿ ನೋಡುತ್ತ ನಿಂತ. ಚೀಲ ಬಿಚ್ಚಲಿಲ್ಲ, ಗೋಡೆಗೆ ಗೆಣ್ಣಿನಿಂದ ಬಡಿಯಲಿಲ್ಲ.

"ಇದು ಸೋರಬೇಕೇನವ್ವ?" ಎಂದು ಕೇಳಿದ.

ನನ್ನನ್ನು ಚುಚ್ಚಲು ಕೇಳುತ್ತಿದ್ದಾನೆ ಎಂದುಕೊಂಡು ಮುಖ ನೋಡಿದೆ. ಹಾಗೇನೂ ಇರಲಿಲ್ಲ. ಇಷ್ಟು ವರ್ಷ ಮನೆ ಕಟ್ಟಿದ ಮನುಷ್ಯ, ಛತ್ತು ಸೋರಬೇಕೋ ಬೇಡವೋ ಎಂದು ಓದಿದ ಮಗಳನ್ನು ನಿಜವಾಗಿಯೂ ಕೇಳುತ್ತಿದ್ದ. ನನ್ನ ಡಿಗ್ರಿಯನ್ನು ಅವನು ಕೊನೆಗೂ ನಂಬಿದ್ದ.

ಬೇಡಪ್ಪ, ಇದು ಸೋರಬಾರದು ಎಂದೆ. ಆಗ ಅವನು ಚೀಲ ಬಿಚ್ಚಿದ.